ವಾಲಿದ ಗೋಡೆಗೆ ಇಪ್ಪತ್ತೇಳು ಕೈ

ತಿಂಗಳಿಗೊಂದು ಭಾನುವಾರ ಮೇಸ್ತ್ರಿ ತನ್ನ ಹಿತ್ತಲ ಗೋಡೆಯ ತಲೆಯಿಂದ ತೂಕದ ಗುಂಡು ಕಟ್ಟಿದ ದಾರವನ್ನು ಇಳಿಬಿಟ್ಟು, ಬುಡದಲ್ಲಿ ದಾರಕ್ಕೂ ಗೋಡೆಗೂ ನಡುವೆ ಬೆರಳಿಟ್ಟು ಅಳೆಯುತ್ತಿದ್ದ. ಹೋದ ವರ್ಷ ಎರಡು ಬೆರಳು ಹಿಡಿಯುತ್ತಿತ್ತು. ಈಗ ನಾಲ್ಕೂ ಬೆರಳು ಸಲೀಸಾಗಿ ಹೋಗಿ, ಇನ್ನೂ ಅರ್ಧ ಬೆರಳಿನ ಜಾಗ ಉಳಿಯುತ್ತಿತ್ತು. ಗೋಡೆ ಇವರ ಕಡೆಗೇ ವಾಲಿತ್ತು. ಅದರ ನೇರ ಕೆಳಗೆ ಬಟ್ಟೆ ಒಗೆಯುವ ಕಲ್ಲು. ಆ ಕಲ್ಲಿನ ಮುಂದೆ ದಿನಾ ಬೆಳಿಗ್ಗೆ ಒಂದು ಗಂಟೆ ಬಗ್ಗಿ ನಿಲ್ಲುವವಳು ಅವನ ಹೆಂಡತಿ.

"ಎಷ್ಟು ಬೆರಳಾಯ್ತು ಇವತ್ತು?" ಅಂದಳು ಅವಳು, ಬಕೆಟ್ಟು ಕೆಳಗಿಡುತ್ತ.

"ನಾಲ್ಕೂವರೆ."

"ಐದಾದ ದಿನ ಹೇಳಿ. ಹೊಸ ಸೀರೆ ಉಟ್ಕೊಂಡು ಒಗೀತೀನಿ. ಎತ್ತೋಕೆ ಬಂದವರ ಮುಂದೆ ಚೆನ್ನಾಗಿ ಕಾಣ್ಬೇಕಲ್ಲ."

ಇನ್ನೊಬ್ಬರ ಮನೆಯ ಗೋಡೆಯಾಗಿದ್ದರೆ ಮೇಸ್ತ್ರಿ ಎರಡು ದಿನದಲ್ಲಿ ಬಿಚ್ಚಿ ಕಟ್ಟಿ ಕೈ ತೊಳೆದುಕೊಳ್ಳುತ್ತಿದ್ದ. ಆದರೆ ಇದು ಬಡಾವಣೆಯ ಸುತ್ತುಗೋಡೆ, ಮನೆಯವರ ಸಂಘದ ಆಸ್ತಿ. ಸದಸ್ಯರು ಮುಟ್ಟಿದರೆ ದಂಡ. ದಂಡಕ್ಕಿಂತ ಹೆಚ್ಚಾಗಿ ಅವನನ್ನು ಹಿಡಿದಿಟ್ಟದ್ದು ಕೆಲಸ ಕಲಿಸಿದ ಅಪ್ಪನ ಮಾತು. ಕರೆಯದೆ ಯಾರ ಗೋಡೆಗೂ ಗಾರೆ ಮೆತ್ತುವ ಕರಣೆ ಹಚ್ಚಬೇಡ ಎಂದಿದ್ದ ಆತ. ನಲವತ್ತು ವರ್ಷ ಕರೆದ ಕಡೆಗೆ ಮಾತ್ರ ಹೋದವನು ಈಗ ಸಂಘ ಕರೆಯಲಿ ಎಂದು ಕಾದ.

ಸಂಘದ ಕಾರ್ಯದರ್ಶಿ ರಿಟೈರಾದ ಗುಮಾಸ್ತರು. ಕಚೇರಿ ಬಿಟ್ಟರೂ ಕಚೇರಿ ಅವರನ್ನು ಬಿಟ್ಟಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಮೇಜು, ಮೇಜಿನ ಮೇಲೆ ಸಂಘದ ನಿಯಮಾವಳಿ, ಅದರ ಮೇಲೆ ಅವರ ಕನ್ನಡಕದ ಡಬ್ಬಿ.

"ಕೂತ್ಕೊಳ್ಳಿ ಮೇಸ್ತ್ರಿಗಳೇ. ಗೋಡೆ ವಾಲಿದೆ, ನಾನೂ ನೋಡಿದೀನಿ, ನನಗೂ ಸಂಕಟ ಇದೆ. ಆದರೆ ತಿಂಗಳ ಫೀಸಿನಲ್ಲಿ ಕಾವಲುಗಾರ, ಬೀದಿದೀಪ, ನೀರಿನ ಪಂಪು, ಕಸ, ಇಷ್ಟಕ್ಕೇ ಸರಿಹೋಗುತ್ತೆ. ಉಳಿದ ಕಾಲು ಭಾಗ ಮೀಸಲು ನಿಧಿಗೆ."

"ಆ ನಿಧಿ ಇಂಥದಕ್ಕೇ ಅಲ್ವಾ ಸಾರ್?"

"ಇಂಥದಕ್ಕೇ. ಅದಕ್ಕೇ ಹನ್ನೊಂದು ವರ್ಷದಿಂದ ಮುಟ್ಟದೆ ಕಾಪಾಡಿದೀನಿ." ಗುಮಾಸ್ತರ ಮುಖದಲ್ಲಿ ಮಗಳನ್ನು ಗಟ್ಟಿ ಮನೆತನಕ್ಕೆ ಕೊಟ್ಟ ತಂದೆಯ ನೆಮ್ಮದಿ ಇತ್ತು. "ಮುಟ್ಟಬೇಕಾದರೆ ನಲವತ್ತು ಮನೇಲಿ ಇಪ್ಪತ್ತೇಳು ಮನೆ ಕೈ ಎತ್ತಬೇಕು. ಫೀಸು ಬಾಕಿ ಇಟ್ಟವರು ಎತ್ತೋ ಹಾಗಿಲ್ಲ. ಬಾಕಿ ಇಲ್ಲದವರು ಇಪ್ಪತ್ತೆರಡು. ನಾನೇನು ಮಾಡಲಿ, ನೀವೇ ಹೇಳಿ."

ಮೇಸ್ತ್ರಿ ದಾರಿಯುದ್ದಕ್ಕೂ ಬೆರಳು ಮಡಿಸುತ್ತ ಬಂದ. ಇನ್ನೂ ಐದು ಕೈ ಬೇಕು. ಆ ಸಂಜೆಯಿಂದಲೇ ನೋಟಿಸ್ ಬೋರ್ಡಿನಲ್ಲಿ ಬಾಕಿದಾರರೆಂದು ಬರೆದಿದ್ದವರ ಬಾಗಿಲು ತಟ್ಟತೊಡಗಿದ. ಎಲ್ಲ ಮನೆಯಲ್ಲೂ ಕುರ್ಚಿ ಹಾಕಿದರು, ಕುಡಿಯಲು ನೀರು ಕೊಟ್ಟರು, ಹೆಂಡತಿಯ ಮೇಲೆ ಗೋಡೆ ಬಿದ್ದರೆ ಗತಿಯೇನು ಎಂದು ಅವನಿಗಿಂತ ಹೆಚ್ಚು ಮರುಗಿದರು. ಬಾಕಿ ಕಟ್ಟುವ ಮಾತು ಬಂದರೆ ಮಾತ್ರ ಸೂರು ನೋಡುತ್ತಿದ್ದರು.

ಎದುರು ಮನೆಯ ಟೈಲರ್ ಒಬ್ಬನೇ ನೇರ ಮಾತಾಡಿದ. "ಅಣ್ಣ, ಕೈ ಎತ್ತೋಕೆ ನನಗೇನು ನೋವಾ? ನಿನಗೋಸ್ಕರ ಎರಡೂ ಕೈ ಎತ್ತೇನು. ಆದರೆ ಮೂರು ವರ್ಷದ ಬಾಕಿ ಕಟ್ಟಿ ಎತ್ತೋ ಅಷ್ಟು ಭಾರ ನನ್ನ ಕೈಲಾಗಲ್ಲ."

"ನಾನು ಕಟ್ಟಿದ್ರೆ?"

ಟೈಲರ್ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಮೇಜಿನ ಮೇಲಿಟ್ಟ. "ನೀನು ಕಟ್ಟಿದ್ರೆ ನಾನು ಬೇಡ ಅಂತೀನಾ, ಅಣ್ಣ?"

ಹೀಗೆ ಐದು ಮನೆಯ ಬಾಕಿಯನ್ನು ಮೇಸ್ತ್ರಿ ಕಟ್ಟಿದ. ಎರಡು ತಿಂಗಳ ದುಡಿಮೆ ಅಲ್ಲಿಗೆ ಹೋಯಿತು. ಗುಮಾಸ್ತರು ಐದು ರಸೀದಿ ಹರಿದು, ಐದನ್ನೂ ಆಯಾ ಮನೆಯವರ ಹೆಸರಿಗೇ ಬರೆದು, ಹೀಗೆ ಎಲ್ಲರಿಗೂ ಜವಾಬ್ದಾರಿ ಬಂದರೆ ಸಂಘ ಎಲ್ಲಿಗೋ ಹೋಗುತ್ತದೆ ಎಂದರು.

"ಆ ದುಡ್ಡಲ್ಲಿ ಇಂಥ ನಾಲ್ಕು ಗೋಡೆ ಕಟ್ಟಬಹುದಿತ್ತು," ಅಂದಳು ಹೆಂಡತಿ.

"ಕಟ್ಟಬಹುದಿತ್ತು. ಆದರೆ ಕರೀಬೇಕಲ್ಲ."

"ಹೌದೌದು. ಬೀಳೋ ಮುಂಚೆ ಅದು ನನ್ನನ್ನ ಕರೆದು ಹೇಳುತ್ತೇನೋ ನೋಡೋಣ."

ಸಭೆಯ ದಿನ ಗುಮಾಸ್ತರು ವಿಷಯ ಓದಿದರು, ಕೊನೆಗೆ ನಿಯಮವನ್ನೂ ಓದಿದರು. ಮೀಸಲು ನಿಧಿಯಿಂದ ತೆಗೆದ ಹಣವನ್ನು ಮತ್ತೆ ತುಂಬುವ ತನಕ ತಿಂಗಳ ಫೀಸು ಸ್ವಲ್ಪ ಏರುತ್ತದೆ ಎಂದರು. ಆಮೇಲೆ ಒಪ್ಪುವವರು ಕೈ ಎತ್ತಿ ಎಂದರು. ಹಳೆಯ ಇಪ್ಪತ್ತೆರಡು ಕೈ ಎದ್ದವು. ಹೊಸದಾಗಿ ಬಾಕಿ ತೀರಿದವರಲ್ಲಿ ಒಂದು, ಎರಡು, ಮೂರು, ನಾಲ್ಕು. ಗುಮಾಸ್ತರು ಬೆರಳು ತೋರಿಸಿ ಎಣಿಸಿದರು, ತಿರುಗಿ ಎಣಿಸಿದರು. ಇಪ್ಪತ್ತಾರು.

ಟೈಲರ್ ಎರಡೂ ಕೈಯನ್ನು ತೊಡೆಯ ನಡುವೆ ಸೇರಿಸಿಕೊಂಡು, ಮುಂದಿನ ಕುರ್ಚಿಯವನ ಅಂಗಿಯ ಹೊಲಿಗೆ ನೋಡುತ್ತ ಕೂತಿದ್ದ.

ಹೊರಗೆ ಚಪ್ಪಲಿ ಹುಡುಕುವಾಗ ಮೇಸ್ತ್ರಿ ಅವನ ಪಕ್ಕ ನಿಂತ. ಟೈಲರೇ ಬಾಯಿಬಿಟ್ಟ.

"ಬೈಬೇಡ ಅಣ್ಣ. ಇಷ್ಟು ವರ್ಷ ಫೀಸು ಎಷ್ಟು ಏರಿದ್ರೂ ನನಗೇನು, ನಾನು ಕಟ್ತಿರಲಿಲ್ಲ. ಬಾಕಿ ಇಲ್ಲ ಅಂತ ನನ್ನ ಹೆಸರಿಗೆ ರಸೀದಿ ಬಂತು ನೋಡು, ಹೆಂಡತಿ ಅದಕ್ಕೆ ಕಟ್ಟು ಹಾಕ್ಸಿ ಗೋಡೆಗೆ ಹಾಕಿದಾಳೆ. ಇನ್ನು ಮುಂದೆ ಕಟ್ಟಲೇಬೇಕು ಅಂತ ಹಟ ಹಿಡಿದಾಳೆ. ಕಟ್ಟೋನಿಗೆ ಏರೋದು ಗೊತ್ತಾಗುತ್ತಪ್ಪ."

ಮೇಸ್ತ್ರಿಗೆ ಸಿಟ್ಟು ಬರಬೇಕಿತ್ತು. ಅದು ಬರುವ ಮೊದಲು, ಈ ಮನುಷ್ಯನನ್ನು ಹೀಗೆ ಮಾಡಿದವನು ತಾನೇ ಅನ್ನುವುದು ಹೊಳೆಯಿತು. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದ.

ಮಾರನೆಯ ಬೆಳಿಗ್ಗೆ ದಾರ ಇಳಿಬಿಟ್ಟರೆ ಐದು ಬೆರಳು. ಹೆಂಡತಿ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹಳೆಯ ಸೀರೆಯನ್ನೇ ಉಟ್ಟಿದ್ದಳು. ಈ ಸಲ ತಮಾಷೆ ಮಾಡಲಿಲ್ಲ.

"ಹೇಳ್ರೀ, ಕಲ್ಲಿನ ಮುಂದೆ ನಿಂತ್ಕೊಳ್ಳಲಾ ಬೇಡ್ವಾ?"

"ಬೇಡ," ಅಂದ ಮೇಸ್ತ್ರಿ. ಒಳಗೆ ಹೋಗಿ ಕರಣೆ ತಂದ. "ನೀನು ಕರೆದೆ ಅಂತ ಇಟ್ಕೋ."

ಮೇಲಿನ ವರಸೆಯಿಂದ ಒಂದೊಂದೇ ಇಟ್ಟಿಗೆ ಬಿಚ್ಚಿ, ಹಳೆ ಗಾರೆ ಕೆರೆದು, ಸಾಲಾಗಿ ಜೋಡಿಸಿಟ್ಟ. ಮಧ್ಯಾಹ್ನದ ಹೊತ್ತಿಗೆ ಟೈಲರ್ ಕುತ್ತಿಗೆಯಲ್ಲಿ ಅಳತೆಯ ಟೇಪು ನೇತಾಡಿಸಿಕೊಂಡೇ ಹಿತ್ತಲಿಗೆ ಬಂದ. ಇಟ್ಟಿಗೆ ಎತ್ತಿ ಎತ್ತಿ ಕೊಡತೊಡಗಿದ. ಎರಡು ದಿನ ಅಂಗಡಿ ತೆರೆಯಲಿಲ್ಲ. ಆ ಎರಡು ದಿನದ ಸಂಪಾದನೆಯಲ್ಲಿ, ಫೀಸು ಏರಿದ್ದರೆ ಹೆಚ್ಚಾಗುತ್ತಿದ್ದಷ್ಟನ್ನು ಎರಡು ವರ್ಷ ಕಟ್ಟಬಹುದಿತ್ತು ಎಂದು ಮೇಸ್ತ್ರಿಯ ಹೆಂಡತಿ ಲೆಕ್ಕ ಹಾಕಿ ಹೇಳಿದಳು. ಟೈಲರ್ ತಲೆ ಕೆರೆದುಕೊಂಡು, "ಅದು ಫೀಸು ಅತ್ತಿಗೆ, ಇದು ಬರೀ ಕೆಲಸ" ಅಂದ.

ಮೂರನೆಯ ದಿನ ಗುಮಾಸ್ತರು ಬಂದರು. ಗೋಡೆಯನ್ನು ಅಂಗೈಯಿಂದ ಸವರಿದರು, ಕೆಲಸ ಬಲು ಚೆನ್ನಾಗಿದೆ ಎಂದರು, ದಂಡದ ಚೀಟಿ ಕೊಟ್ಟರು. ಮೇಸ್ತ್ರಿ ಅದನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಒಗೆಯುವ ಕಲ್ಲಿನ ಅಡಿಗೆ ಸೇರಿಸಿದ. ಹೀಗಾಗಿ ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನೂ ಬಾಕಿದಾರರ ಪಟ್ಟಿಗೆ ಸೇರಿದ.

ವರ್ಷದ ಕೊನೆಯ ಸಭೆಗೆ ಬಾಕಿದಾರರನ್ನು ಒಳಗೆ ಬಿಡಲಿಲ್ಲ. ಮೇಸ್ತ್ರಿ ಹೊರಗಿನ ಕಟ್ಟೆಯ ಮೇಲೆ ಅವರ ನಡುವೆ ಕೂತ. ಅವರು ಸರಿದು ಜಾಗ ಮಾಡಿಕೊಟ್ಟರು. ತೆರೆದ ಕಿಟಕಿಯಿಂದ ಗುಮಾಸ್ತರ ದನಿ ಕೇಳುತ್ತಿತ್ತು. "ಈ ವರ್ಷ ಸಂಘ ಕೈಗೊಂಡ ಕೆಲಸ, ಹಿಂಭಾಗದ ಗೋಡೆ ದುರಸ್ತಿ. ಖರ್ಚು ಏನೂ ಇಲ್ಲ. ಮೀಸಲು ನಿಧಿ ಹಾಗೇ ಇದೆ." ಒಳಗೆ ಚಪ್ಪಾಳೆಯಾಯಿತು. ಗೋಡೆ ಕಟ್ಟಿದ ಸದಸ್ಯರಿಗೆ ಸಭೆ ವಂದನೆ ಸಲ್ಲಿಸಬೇಕು, ಒಪ್ಪುವವರು ಕೈ ಎತ್ತಬೇಕು ಎಂದರು ಗುಮಾಸ್ತರು.

ಮೇಸ್ತ್ರಿ ಕಟ್ಟೆಯಿಂದ ಎದ್ದು, ಕಿಟಕಿಯ ಸರಳು ಹಿಡಿದು ಎಣಿಸಿದ. ಇಪ್ಪತ್ತಾರು. ಎಲ್ಲರಿಗಿಂತ ಮೊದಲು ಎದ್ದ ಕೈ ಟೈಲರನದು. ಅವನು ಒಂದಲ್ಲ, ಎರಡೂ ಕೈ ಎತ್ತಿದ್ದ. ಗುಮಾಸ್ತರು ಗದರಿ ಒಂದನ್ನು ಇಳಿಸಿದರು.