ಎದ್ದ ಹುಳ, ಮಲಗಿದ ಹುಳ

ಅವ್ವ ನಂಟರ ಮನೆಗೆಂದು ಹನೂರಿಗೆ ಹೊರಟಾಗ ರೇಷ್ಮೆಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳ ಮೇವು ಬಿಟ್ಟು, ತಲೆಯೆತ್ತಿ, ಚರ್ಮ ಕಳಚಲು ಕಾಯುವುದನ್ನು ನಮ್ಮ ಕಾಮಗೆರೆಯಲ್ಲಿ ಜ್ವರ ಎನ್ನುತ್ತಾರೆ.

"ಎಲ್ಲಾ ಎದ್ಮೇಲೆ ಸೊಪ್ಪಾಕು ಶಿವಶಂಕರ. ಅಲ್ಲೀಗಂಟ ಸುಮ್ಕಿರು," ಎಂದಳು.

"ಗೊತ್ತು ಕನವ್ವ. ಎರಡು ವರ್ಷ ಅದನ್ನೇ ಓದಿದ್ದು."

"ಓದಿದ್ದೀಯೆ ಕನ. ಅದ್ಕೇ ಯೋಳ್ತಾವ್ನಿ."

ಈ ಬೆಳೆಯನ್ನು ನಾನೊಬ್ಬನೇ ನೋಡಿಕೊಳ್ಳುತ್ತೇನೆಂದು ಹಟ ಹಿಡಿದವನು ನಾನು. ಚೆನ್ನಾಗಿ ಬಂದರೆ ಮುಂದೆ ಹುಳುವಿನ ಮನೆ ನಿಂದೇ ಎಂದು ಅವ್ವ ಮಾತು ಕೊಟ್ಟಿದ್ದಳು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಅರ್ಧಕ್ಕರ್ಧ ಹುಳ ಎದ್ದಿದ್ದವು. ಹಳೇ ಚರ್ಮ ಬಿಟ್ಟು, ತಲೆಯನ್ನು ಅತ್ತಿತ್ತ ಆಡಿಸುತ್ತ ಹುಡುಕುತ್ತಿದ್ದವು. ಹುಳುವಿನ ಮಿದುಳಿನಲ್ಲಿ ಹುಟ್ಟುವ ಪೆಪ್ಟೈಡ್ ಎಂಬ ಒಂದು ಪುಟ್ಟ ರಾಸಾಯನಿಕ ತಿನ್ನುವುದನ್ನು ನಿಲ್ಲಿಸುತ್ತದೆ, ಇನ್ನೊಂದು ಬಾಯಿ ಹಾಕಿಸುತ್ತದೆ. ನನ್ನ ಎಂಎಸ್ಸಿ ಕೆಲಸವೇ ಅದು. ಮೊದಲನೆಯದು ಇಳಿದಿದೆ, ಎರಡನೆಯದು ಏರಿದೆ, ಇವು ಹಸಿದಿವೆ. ನನಗೆ ಅನುಮಾನವೇ ಇರಲಿಲ್ಲ. ಸೊಪ್ಪು ಹಾಕಿದೆ.

ತಿನ್ನುವ ಸದ್ದು ಶುರುವಾಯಿತು. ಸಣ್ಣ ಮಳೆಯಂತೆ. ಎಷ್ಟು ಹೊತ್ತು ಕೇಳುತ್ತ ನಿಂತಿದ್ದೆನೋ ತಿಳಿಯದು.

ಮೂರನೇ ದಿನ ಅವ್ವ ಬಂದಳು. ಚೀಲ ಇಳಿಸದೆ ಒಳಗೆ ಹೋಗಿ ಒಂದು ತಟ್ಟೆಯ ಸೊಪ್ಪನ್ನು ಎತ್ತಿದಳು. ಮೇಲೆ ಬೆರಳುದ್ದದ ಹುಳ. ಅಡಿಯಲ್ಲಿ, ತೇವದ ಸೊಪ್ಪಿನ ಕೆಳಗೆ ಸಿಕ್ಕಿಕೊಂಡು, ತಡವಾಗಿ ಚರ್ಮ ಕಳಚಿದವು, ಅದರ ಅರ್ಧದಷ್ಟೂ ಇಲ್ಲ. ಕೆಲವು ಕಳಚಲಾರದೆ ಕಪ್ಪಾಗಿದ್ದವು.

"ಎಲ್ಲಾ ಎದ್ದಿದ್ವಾ?"

"ಹಸಿದಿದ್ವು ಕನವ್ವ."

"ಯಾವ್ವು?"

ನಾನು ಪೆಪ್ಟೈಡಿನ ಕತೆ ಶುರು ಮಾಡಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಅದೇ ನನಗೆ ಕಷ್ಟವಾಯಿತು.

"ಅದೆಲ್ಲ ಎದ್ದಿರೋ ಉಳದ ತಲೇಲಿ ಆಯ್ತದೆ. ಮಲಗಿರೋ ಉಳದ ತಲೇಲಿ?"

ಪ್ರಯೋಗಾಲಯದಲ್ಲಿ ಒಂದೊಂದು ಹುಳಕ್ಕೂ ಒಂದೊಂದು ಗಾಜಿನ ತಟ್ಟೆ. ಒಂದರ ಹಸಿವು ಇನ್ನೊಂದರ ಮೈಮೇಲೆ ಬೀಳುವುದನ್ನು ನಾನು ನೋಡಿರಲೇ ಇಲ್ಲ.

ಇಬ್ಬರೂ ಕೂತು ಸಣ್ಣವನ್ನು ಒಂದೊಂದಾಗಿ ಆರಿಸಿದೆವು. ಆದರೂ ಎಲ್ಲವನ್ನೂ ಬೇರ್ಪಡಿಸಲಾಗಲಿಲ್ಲ. ವಾರ ಕಳೆಯುವುದರೊಳಗೆ ದೊಡ್ಡವು ಹಣ್ಣಾಗಿ ಗೂಡು ಕಟ್ಟಲು ಜಾಗ ಹುಡುಕಿದರೆ, ನಡುವೆ ಉಳಿದ ಸಣ್ಣವು ಇನ್ನೂ ಸೊಪ್ಪು ಕೇಳುತ್ತಿದ್ದವು. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಎತ್ತಿ ಬಿಡುವಷ್ಟರಲ್ಲಿ ಎಷ್ಟೋ ಹುಳ ಎಲೆಯ ಸಂದಿಯಲ್ಲೇ ತೆಳ್ಳನೆಯ ಗೂಡು ಕಟ್ಟಿಬಿಟ್ಟವು. ಅವು ಯಾವ ಕೆಲಸಕ್ಕೂ ಬಾರವು.

ಅವ್ವ ಬೈಯಲಿಲ್ಲ. ಬೈದಿದ್ದರೆ ಜಗಳವಾಡುತ್ತಿದ್ದೆ.

ಗೂಡು ಕೊಳ್ಳೇಗಾಲದ ಮಾರುಕಟ್ಟೆಗೆ ಹೋದ ಮರುದಿನ ಅವಳು ಬ್ಲೀಚಿಂಗ್ ಪುಡಿ ಕಲಸಿ ಹುಳುವಿನ ಮನೆ ತೊಳೆಯುತ್ತಿದ್ದಳು. ಪೊರಕೆಗೆ ಕೈ ಚಾಚಿದೆ.

"ಬ್ಯಾಡ ಬುಡು," ಎಂದಳು. "ಮುಂದ್ಲ ಬೆಳೆಗೆ ಮರಿಹುಳಕ್ಕೆ ಯೋಳಿವ್ನಿ. ಉಳ ನಾ ನೋಡ್ಕತೀನಿ. ನೀ ಸೊಪ್ಪು ಕುಯ್ದಾಕು, ಸಾಕು."

ಅವಳು ನೆಲ ಉಜ್ಜುತ್ತಲೇ ಇದ್ದಳು. ಕುಡುಗೋಲು ಎತ್ತಿಕೊಂಡು ತೋಟಕ್ಕೆ ಹೋದೆ.