ನಿಮ್ಮಣ್ಣನಿಗೆ ಹೇಳು

ನನ್ನ ಗಂಡನೂ ಅಣ್ಣನೂ ಮಾತು ಬಿಟ್ಟ ಮೇಲೆ ಅವರಿಬ್ಬರ ನಡುವಿನ ಅಂಚೆಯವಳು ನಾನೇ ಆದೆ. ಸಂಬಳವಿಲ್ಲದ ಕೆಲಸ, ಬೈಗುಳ ಮಾತ್ರ ಎರಡೂ ಕಡೆಯಿಂದ. ಒಂದೇ ಅಂಗಡಿ, ಒಂದೇ ಮೇಜು. ಮೇಜಿನ ಆ ತುದಿಗೊಬ್ಬ, ಈ ತುದಿಗೊಬ್ಬ. "ಆ ಪುಟ್ಟಿ ಡಬ್ಬಿ ಇತ್ತ ತಳ್ಳೋಕೆ ನಿಮ್ಮಣ್ಣನಿಗೆ ಹೇಳು" ಎಂದು ಇವರು. "ಡಬ್ಬಿ ಖಾಲಿ ಅಂತ ನಿನ್ನ ಗಂಡನಿಗೆ ಹೇಳು" ಎಂದು ಅವನು. ಇಬ್ಬರ ಕಿವಿಯೂ ನೆಟ್ಟಗಿತ್ತು, ಎಲ್ಲವೂ ಕೇಳಿಸುತ್ತಿತ್ತು. ಆದರೂ ಅದನ್ನೇ ನಾನು ಇನ್ನೊಮ್ಮೆ ಹೇಳುವ ತನಕ ಡಬ್ಬಿ ಇದ್ದಲ್ಲೇ ಇರುತ್ತಿತ್ತು.

ನಮ್ಮದು ಗಾಜಿನ ಅಂಗಡಿ. ಗಾಜು ಕೊಯ್ದು, ಅಂಚಿಗೆ ಪುಟ್ಟಿ ಮೆತ್ತಿ ಕಿಟಕಿಗೆ ಕೂರಿಸುವ ಕೆಲಸ, ಅಪ್ಪನ ಕಾಲದಿಂದ ಬಂದದ್ದು. ಇವರಿಗೆ ಗಾಜು ಹಿಡಿಯುವುದನ್ನು ಕಲಿಸಿದ್ದು ಅಣ್ಣ. ನನ್ನನ್ನು ಇವರಿಗೆ ಕೊಟ್ಟು ಮದುವೆ ಮಾಡಿದ್ದೂ ಅಣ್ಣನೇ. ಅವನು ಮಾತ್ರ ಮದುವೆಯ ಗೊಡವೆಗೆ ಹೋಗದೆ ಅಂಗಡಿಯ ಮೇಲಿನ ಕೋಣೆಯಲ್ಲಿ ಉಳಿದ. ಇವರು ಅವನನ್ನು ಭಾವ ಎನ್ನುವರು, ಅವನೂ ಇವರನ್ನು ಭಾವ ಎನ್ನುವನು. ಹೊರಗಿನಿಂದ ಬಂದವರಿಗೆ ಯಾರು ಯಾರನ್ನು ಕರೆದರೆಂದೇ ತಿಳಿಯುತ್ತಿರಲಿಲ್ಲ. ಅಷ್ಟು ಬಳಕೆ ಇದ್ದವರು.

ಆಮೇಲೆ ದೇಶ ಎರಡು ಹೋಳಾಯಿತು. ಅರ್ಧ ಸರ್ಕಾರದ ಕಡೆ, ಅರ್ಧ ಅದರ ವಿರುದ್ಧ ಬಂದೂಕು ಹಿಡಿದ ಸಮಿತಿಯ ಕಡೆ. ಅಣ್ಣ ಸರ್ಕಾರ ಅಂದ, ಇವರು ಸಮಿತಿ ಅಂದರು. ಇಬ್ಬರೂ ಬಂದೂಕು ಮುಟ್ಟಿದವರಲ್ಲ. ಊಟದ ಹೊತ್ತಿಗೆ ರೇಡಿಯೋ ಹಾಕಿಕೊಂಡು ಕೂಗಾಡುವ ಶೂರರು. ಒಂದು ಮಧ್ಯಾಹ್ನ ಎಲ್ಲೋ ಜನ ಸತ್ತ ಸುದ್ದಿ ಬಂತು.

"ನಿಮ್ಮವರ ಘನಕಾರ್ಯ" ಅಂದ ಅಣ್ಣ.

"ನಿಮ್ಮವರು ಶುರು ಮಾಡಿದ್ದು" ಅಂದರು ಇವರು.

"ಕೊಲೆಗಡುಕರ ಪಕ್ಕ ಕೂತು ಉಣ್ಣೋ ಹಾಗಾಯ್ತಲ್ಲ ನನ್ನ ಗತಿ" ಅಂದ ಅಣ್ಣ. ಇಬ್ಬರೂ ತಟ್ಟೆ ತಳ್ಳಿ ಎದ್ದು ಹೋದರು. ಬೇಯಿಸಿದವಳೂ ನಾನು, ಬಡಿಸಿದವಳೂ ನಾನು, ಉಪವಾಸ ಕೂತವಳೂ ನಾನು.

ನಾಲ್ಕು ದಿನದ ಮುನಿಸು ಅಂದುಕೊಂಡೆ. ಚಳಿಗಾಲ ಕಳೆದು ಬೇಸಿಗೆ ಬಂದರೂ ಇಬ್ಬರ ಬಾಯಿಯ ಬೀಗ ತೆರೆಯಲಿಲ್ಲ. ಊರಲ್ಲಿ ದಿನವೂ ಕಿಟಕಿಗಳು ಒಡೆಯುತ್ತಿದ್ದವು, ನಮಗೆ ಕೈತುಂಬ ಕೆಲಸ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ದೊಡ್ಡ ಗಾಜಿನ ಹಾಳೆಯನ್ನು ಒಬ್ಬನೇ ಸಾಗಿಸಲಾಗದು. ಹಿಂದೊಬ್ಬ ಮುಂದೊಬ್ಬ ಬೇಕು, ಹೆಜ್ಜೆಹೆಜ್ಜೆಗೂ ಮಾತು ಬೇಕು. ಹಾಗಾಗಿ ಗಾಜು ಹೊರಗೆ ಹೋಗುವಾಗಲೆಲ್ಲ ಪಕ್ಕದಲ್ಲಿ ನಾನೂ ನಡೆಯಬೇಕಿತ್ತು. "ಆ ಕತ್ತೆಗೆ ಹೇಳು, ಕಣ್ಣು ಬಿಟ್ಕೊಂಡು ಮೆಟ್ಟಿಲಿಳೀಲಿ" ಎಂದು ಅಣ್ಣ ಹಿಂದಿನಿಂದ ಅಂದರೆ, "ರೀ, ಮೆಟ್ಟಿಲಿದೆ, ಜೋಪಾನ ಅಂತೆ" ಎಂದು ಸಕ್ಕರೆ ಬೆರೆಸಿ ಇವರಿಗೆ ದಾಟಿಸುತ್ತಿದ್ದೆ. ಎದುರಿನ ಬೇಕರಿಯವನು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಗು ನನಗೂ ಬರುತ್ತಿತ್ತು, ಒಳಗೊಳಗೇ ಉರಿಯುತ್ತಲೂ ಇತ್ತು.

ಅಣ್ಣನಿಗೆ ಆಗ ಸೇತುವೆಯಾಚೆಯ ಆಸ್ಪತ್ರೆಯಲ್ಲಿ ಕೆಲಸ. ಹೆರಿಗೆ ಕೋಣೆಯ ಕಿಟಕಿಗಳೆಲ್ಲ ಸಿಡಿದುಹೋಗಿದ್ದವು. ಚಿಕ್ಕ ಗಾಜುಗಳಾದ್ದರಿಂದ ಮರದ ಚೌಕಟ್ಟಿಗೆ ಕಟ್ಟಿ, ಬೆನ್ನಿಗೇರಿಸಿಕೊಂಡು ಒಬ್ಬನೇ ಹೋಗಿಬರುತ್ತಿದ್ದ. ಸೇತುವೆಯ ಮೇಲೆ ಸಮಿತಿಯವರ ಕಾವಲಿತ್ತು. ಅಣ್ಣ ಯಾವ ಕಡೆಯವನೆಂದು ಗೊತ್ತಿದ್ದರೂ ಬೆನ್ನ ಮೇಲಿನ ಗಾಜು ನೋಡಿ ಬಿಡುತ್ತಿದ್ದರು. ನನ್ನ ಜೀವ ಮಾತ್ರ ಅವನು ವಾಪಸು ಬಂದು ಮೆಟ್ಟಿಲು ಹತ್ತುವ ತನಕ ಕೈಯಲ್ಲೇ ಇರುತ್ತಿತ್ತು.

ಅವತ್ತು ಬೆಳಿಗ್ಗೆ ಬೀದಿ ನಲ್ಲಿಗೆ ನೀರಿಗೆ ಹೋಗಿದ್ದೆ. ಸಾಲು ಕರಗಲೇ ಇಲ್ಲ. ಬಿಂದಿಗೆ ಹೊತ್ತು ಬರುವಾಗ ಇವರು ಅಂಗಡಿಯ ಬಾಗಿಲಲ್ಲಿ ನಿಂತು ನನ್ನ ದಾರಿಯನ್ನೇ ನೋಡುತ್ತಿದ್ದರು.

"ಎಷ್ಟು ಹೊತ್ತು ಕಣೆ! ಸೇತುವೆ ಕಡೆ ಇವತ್ತು ಹೋಗೋದು ಬೇಡ ಅಂತ ನಿಮ್ಮಣ್ಣನಿಗೆ ಹೇಳು."

"ಯಾಕೆ?"

"ನೀನು ನೀರಿಗೆ ಹೋದ ಕೂಡಲೇ ಬೇಕರಿಯವನು ಬಂದು ನನಗೆ ಹೇಳಿ ಹೋದ. ಸರ್ಕಾರದ ಕಡೆಯವರು ಯಾರೇ ಸಿಕ್ಕಿದರೂ ಬಿಡಬಾರದು ಅಂತ ಕಾವಲಿನವರಿಗೆ ಹುಕುಂ ಆಗಿದೆಯಂತೆ."

"ಅಣ್ಣ ಎಲ್ಲಿ? ಮೇಲಿದ್ದಾನಾ?"

ಇವರು ರಸ್ತೆಯ ಕಡೆ ನೋಡಿದರು. "ಈಗ ಹೋದ. ಬೇಗ ಕೂಗು."

"ಹೋದನಾ? ನಿಮ್ಮ ಬಾಯಿಗೆ ಏನು ಬಡಿದಿತ್ತು?" ಅಂದೆ. ಬಿಂದಿಗೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಓಡಿದೆ. ಇವರೂ ಓಡಿದರು, ನನ್ನನ್ನು ದಾಟಿ ಮುಂದೆ ಹೋದರು. "ಭಾವಾ! ಭಾವಾ, ನಿಲ್ಲು!" ಎಂದು ಇವರು ಕೂಗುವುದು ಬೀದಿಗೆಲ್ಲ ಕೇಳುತ್ತಿತ್ತು. ಅಣ್ಣನೊಬ್ಬನಿಗೆ ಕೇಳಲಿಲ್ಲ. ನಾವು ತಿರುವು ದಾಟುವ ಮೊದಲೇ ಸೇತುವೆಯ ಕಡೆಯಿಂದ ಗುಂಡಿನ ಸದ್ದು ಬಂತು.

ಬೇಕರಿಯವನ ತಳ್ಳುಗಾಡಿಯಲ್ಲಿ ಅವನನ್ನು ಮನೆಗೆ ತಂದೆವು. ಬೇಕರಿಯವನು ಅಳುತ್ತಾ ತಳ್ಳಿದ. ಗಾಜು ಕೊಯ್ಯುವ ಮೇಜಿನ ಮೇಲೆ ಬಟ್ಟೆ ಹಾಸಿ ಮಲಗಿಸಿದೆವು, ಬೇರೆ ಜಾಗವಿರಲಿಲ್ಲ. ನೆರೆಯವರು ಬಂದರು, ಹೋದರು. ಎರಡೂ ಕಡೆಯವರು ಬಂದಿದ್ದರು; ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾನು ಒದ್ದೆ ಬಟ್ಟೆಯಿಂದ ಅಣ್ಣನ ಮುಖ ಒರೆಸುತ್ತಾ ಕೂತೆ. ಅವನ ಹುಬ್ಬಿನ ಮೇಲೆ ಎಂದಿನ ಗಾಜಿನ ಪುಡಿ ಇತ್ತು. ಅಯ್ಯೋ, ನನ್ನಣ್ಣ. ಸಿಟ್ಟಿನ ಮನುಷ್ಯ, ಬಾಯಿ ಜೋರು, ಆದರೆ ಒಂದು ದಿನವೂ ನನ್ನನ್ನು ಉಪವಾಸ ಕೂರಿಸಿದವನಲ್ಲ. ತಟ್ಟೆ ತಳ್ಳಿದ ಆ ಒಂದು ಮಧ್ಯಾಹ್ನ ಬಿಟ್ಟು.

ಎಲ್ಲರೂ ಹೋದ ಮೇಲೆ ಇವರನ್ನು ಕೇಳಿದೆ.

"ನನಗೋಸ್ಕರ ಯಾಕೆ ಕಾದ್ರಿ? ಅವನಿಗೆ ಹೇಳೋಕೆ ಮನಸ್ಸಿಲ್ದಿದ್ರೆ ಗೋಡೆಗೆ ಹೇಳ್ಬಹುದಿತ್ತಲ್ಲ. ಅವನಿಗೆ ಕೇಳಿಸ್ತಿತ್ತು."

ಇವರು ಬಾಯಿ ತೆರೆದರು. "ಅವನೇ ಕೇಳಿದ ಕಣೆ."

"ಏನು ಕೇಳಿದ?"

"ಗಾಜು ಬೆನ್ನಿಗೆ ಕಟ್ಕೊಂಡು ಬಾಗಿಲ ಹತ್ರ ನಿಂತ. ನೀನು ಇರಲಿಲ್ಲ. 'ಭಾವ, ಸೇತುವೆ ಕಡೆ ಇವತ್ತು ಹೋಗಬಹುದಾ?' ಅಂದ. ನನ್ನನ್ನೇ ನೋಡ್ಕೊಂಡು ಅಂದ."

ನನ್ನ ಕೈ ಅಲ್ಲೇ ನಿಂತಿತು. "ನೀವು?"

"ತಲೆ ಎತ್ತಲಿಲ್ಲ. ಕೊನೆಗೂ ಸೋತ, ಅವನೇ ಮೊದಲು ಬಾಯಿ ಬಿಟ್ಟ ಅನ್ನಿಸ್ತು. ಖುಷಿಯಾಯ್ತು ಕಣೆ ನಂಗೆ. ಇನ್ನೊಂದು ಸಲ ಕೇಳಲಿ, ಆಮೇಲೆ ಹೇಳಿದರಾಯ್ತು ಅಂತ ಪುಟ್ಟಿ ನಾದ್ತಾ ಕೂತೆ. ಮತ್ತೆ ಕೇಳಲೇ ಇಲ್ಲ. ನೋಡಿದ್ರೆ ಹೋಗ್ಬಿಟ್ಟಿದ್ದ. ನೀನು ಬರೋ ಹೊತ್ತಾಗಿತ್ತು, ನಿನ್ನ ಕೈಲಿ ಕೂಗಿಸೋಣ ಅಂತ..." ಇವರು ಮೇಜಿನ ಕಾಲು ಹಿಡಿದುಕೊಂಡು ನೆಲಕ್ಕೆ ಕುಸಿದರು.

ಹೊಡೆದುಬಿಡಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಲಾಗಲಿಲ್ಲ. ನನ್ನಣ್ಣ ಯಾಕೆ ಇನ್ನೊಂದು ಸಲ ಕೇಳಲಿಲ್ಲ ಎಂಬುದು ನನಗೆ ಗೊತ್ತಿತ್ತು, ಅವನ ಜೊತೆ ಹುಟ್ಟಿ ಬೆಳೆದವಳು ನಾನು. ಆ ಕಡೆ ಅಪಾಯವಿದ್ದಿದ್ದರೆ ಭಾವ ಬಾಯಿ ಬಿಡದೆ ಇರುವವನಲ್ಲ, ಸುಮ್ಮನಿದ್ದಾನೆ ಅಂದರೆ ದಾರಿ ಸರಿಯಿದೆ ಅಂತಲೇ ಅರ್ಥ. ಹಾಗೆಂದುಕೊಂಡೇ ಅವನು ಧೈರ್ಯವಾಗಿ ಹೊರಟಿದ್ದ.

ಇದನ್ನು ಇವರಿಗೆ ಹೇಳಬಾರದಿತ್ತೇನೋ. ಹೇಳಿಬಿಟ್ಟೆ.

"ನಿಮ್ಮನ್ನ ನಂಬಿಕೊಂಡೇ ಹೋದ ಕಣ್ರೀ."