ಗುಂಡುಕಲ್ಲು

ಹಲಗೆಯ ಮೇಲೆ ‘ಗುಂಡು’ ಎಂದು ಬರೆದು ಟೀಚರ್ ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಬೇಕರಿಯವನು ಕೈ ಎತ್ತಿದ್ದ.

"ಇದು ನನಗೆ ಗೊತ್ತು. ಸಾಯಂಕಾಲ ಹಾಕೋದು!"

ತರಗತಿಯೆಲ್ಲ ನಕ್ಕಿತು. ಎಲ್ಲರೂ ವಯಸ್ಸಾದ ಮೇಲೆ ಕನ್ನಡ ಕಲಿಯಲು ಬಂದವರು. ಕೆಳಗಿನ ಸೈಕಲ್ ಅಂಗಡಿಯಲ್ಲಿ ಗಾಳಿ ತುಂಬುವ ಸದ್ದು ಮಹಡಿಯ ಈ ಕೋಣೆಗೂ ಕೇಳುತ್ತಿತ್ತು.

"ಅದೂ ಸರಿ," ಎಂದಳು ಟೀಚರ್. "ಬಂದೂಕಿನಲ್ಲಿ ಇರೋದೂ ಗುಂಡೇ. ತಲೆ ಬೋಳಿಸಿಕೊಂಡ್ರೆ ಅದೂ ಗುಂಡು."

"ನಾನು ಹಿಟ್ಟಲ್ಲಿ ಮಾಡ್ತೀನಲ್ಲ, ಅದು?"

"ಅಂಗೈಯಲ್ಲಿ ಉರುಳಿಸಿ ಕಟ್ಟಿದ್ರೆ ಉಂಡೆ."

"ಭೂಮಿ?"

"ಪುಸ್ತಕದಲ್ಲಿ ಗೋಳ. ಮಾತಲ್ಲಿ, ಗುಂಡಗಿದೆ ಅಂತೀವಿ."

"ಹಾಗಾದ್ರೆ ನನ್ನ ಹೊಟ್ಟೆ?"

"ಅದು ಗುಡಾಣ. ಅದಕ್ಕೆ ಬೇರೆ ಪಾಠ ಇದೆ," ಎಂದಳು ಕಿಟಕಿಯ ಪಕ್ಕದ ನರ್ಸ್. ಮತ್ತೆ ನಗು.

ಟೀಚರ್ ಕೂಡ ತುಟಿ ಅಗಲಿಸಿದಳು. ಗಂಡ ತೀರಿಕೊಂಡು, ರಜೆ ಮುಗಿಸಿ ಅವಳು ಮರಳಿದ್ದು ಈಚೆಗೆ. ಸಮಾಧಾನ ಹೇಳುವಷ್ಟು ಕನ್ನಡ ತರಗತಿಯವರಿಗಿನ್ನೂ ಬರುತ್ತಿರಲಿಲ್ಲ. ಯಾರೂ ಏನೂ ಹೇಳಿರಲಿಲ್ಲ. ಅದೇ ಅವಳಿಗೆ ಹಿತವಾಗಿತ್ತು.

ಮುಂದಿನ ಬೆಂಚಿನವನಿಗೆ ತರಗತಿ ಇಟ್ಟ ಹೆಸರು ಅಳಿಯಂದಿರು. ಹೆಂಡತಿಯ ತಾಯಿ ಮನೆಗೆ ಬಂದಿದ್ದರು. ಅವರ ಜೊತೆ ಮಾತಾಡಬೇಕೆಂದೇ ಸೇರಿಕೊಂಡವನು. ಅವನು ಎದ್ದು ನಿಂತ.

"ಟೀಚರ್, ಗುಂಡುಕಲ್ಲು ಅಂದ್ರೆ? ಹೆಂಡತಿ ಒಂದು ಮಾತು ಕಲಿಸಿದ್ದಾಳೆ. ಅತ್ತೆ ದಿನಾ ಅಲ್ಲಿ ನೋವು, ಇಲ್ಲಿ ನೋವು ಅಂತಾರೆ. ಆಗ ನಾನು, 'ನಿಮಗೇನಾಗಿದೆ ಅತ್ತೆ, ಗುಂಡುಕಲ್ಲಿನ ಹಾಗಿದ್ದೀರಿ!' ಅನ್ನಬೇಕಂತೆ. ಸರೀನಾ?"

ಒಂದಕ್ಷರವೂ ತಪ್ಪಿರಲಿಲ್ಲ.

"ಸರಿ," ಎಂದಳು. "ಗಟ್ಟಿಮುಟ್ಟಾಗಿ ಇರೋರಿಗೆ ಹೇಳೋ ಮಾತು."

ಗುಂಡುಕಲ್ಲಿನ ಹಾಗಿದ್ದ. ಗಂಡ ಹೋದಾಗ ಮನೆಗೆ ಬಂದವರೆಲ್ಲ ಅದನ್ನೇ ಹೇಳಿದ್ದರು. ಸೋದರಮಾವ ಹೇಳಿದ, ಪಕ್ಕದ ಮನೆಯಾಕೆ ಹೇಳಿದಳು, ಅವನ ಆಫೀಸಿನವರು ಬಾಗಿಲಲ್ಲಿ ನಿಂತೇ ಹೇಳಿ ಹೋದರು. ಎಲ್ಲರದೂ ಭೂತಕಾಲ. ವರ್ತಮಾನದಲ್ಲಿ ಹೇಳಿದವಳು ಅವಳೊಬ್ಬಳೇ. ಆ ದಿನ ಅವನು ಮಂಚದ ಅಂಚಿನಲ್ಲಿ ಕೂತು ತೋಳು ನೀವಿಕೊಳ್ಳುತ್ತಿದ್ದ. "ಯಾಕೋ ಎಡಗೈ ಜೋಮು ಹಿಡಿದ ಹಾಗಿದೆ ಕಣೇ," ಎಂದ. "ಗುಂಡುಕಲ್ಲಿನ ಹಾಗಿದ್ದೀಯ. ಬಟ್ಟೆ ಒಣಗಿಹಾಕು ಅಂದ ಕೂಡಲೇ ನಿನ್ನ ಕೈಗೆ ಏನೋ ಬರತ್ತೆ. ಏಳು ಮೇಲೆ," ಎಂದಿದ್ದಳು. ಅವನು ನಕ್ಕಿದ್ದ. ಬಕೆಟ್ ಎತ್ತಿಕೊಂಡು ತಾರಸಿಯ ಮೆಟ್ಟಿಲು ಹತ್ತಿದ್ದ.

"ಟೀಚರ್?"

"ಮಾತು ಸರಿಯಾಗಿದೆ. ಆದ್ರೆ ಹೇಳಬೇಡಿ."

"ಯಾಕೆ, ಬೈಗುಳಾನಾ?"

"ಅಲ್ಲ."

"ಅತ್ತೆ ನಗಲಿ ಅಂತ, ಅಷ್ಟೇ."

"ನಗ್ತಾರೆ," ಎಂದಳು ಟೀಚರ್. "ಅದಕ್ಕೇ ಬೇಡ."

ಅವನಿಗೆ ಅರ್ಥವಾಗಲಿಲ್ಲ. ಅವಳು ‘ಗುಂಡು’ ಅಳಿಸಿ, ಅಲ್ಲೇ ಬೇರೊಂದು ವಾಕ್ಯ ಬರೆದಳು. "ಇದನ್ನ ಕೇಳಿ ಅವರನ್ನ."

"ಎಲ್ಲಿ ನೋವ್ತಾ ಇದೆ!" ಎಂದು ಓದಿದ ಅಳಿಯ.

"ನೋಯ್ತಾ. ಮೆತ್ತಗೆ ಕೇಳ್ರೀ, ಪೊಲೀಸರ ಹಾಗಲ್ಲ."

"ಹತ್ತಿರ ಕೂತು ಕೇಳಬೇಕು," ಎಂದಳು ನರ್ಸ್. "ಕೇಳಿ ಸುಮ್ಮನಿರಬೇಕು."

ಅಳಿಯ ಮತ್ತೆರಡು ಸಲ ತಡವರಿಸಿದ.

"ಎಲ್ಲರೂ ಒಟ್ಟಿಗೆ ಹೇಳಿ," ಎಂದಳು ಟೀಚರ್. ಹೊಸ ವಾಕ್ಯ ಬಂದಾಗೆಲ್ಲ ಹಾಗೆನ್ನುವುದು ಅವಳ ರೂಢಿ.

ಎಲ್ಲರೂ ಪೆನ್ನು ಕೆಳಗಿಟ್ಟರು. ಎಲ್ಲರ ಕಣ್ಣೂ ಅವಳ ಮೇಲಿತ್ತು. ಮೆತ್ತಗೆ, ಒಂದೊಂದೇ ಪದ ಬಿಡಿಸಿ, ಒಂದೇ ದನಿಯಲ್ಲಿ ಕೇಳಿದರು: "ಎಲ್ಲಿ ನೋಯ್ತಾ ಇದೆ?"

ಬೇಕರಿಯವನ ದನಿ ಹಿಂದೆ ಬಿದ್ದು, ಕೊನೆಗೆ ಅದೊಂದೇ ಕೇಳಿಸಿತು.

‘ಇನ್ನೊಂದು ಸಲ’ ಎನ್ನುತ್ತಾಳೆಂದು ಅವರು ಕಾದರು. ಅವಳು ಹಲಗೆಯ ಕಡೆ ತಿರುಗಿ, ಸರಿಯಾಗಿಯೇ ಇದ್ದ ಪ್ರಶ್ನೆಯ ಗುರುತಿನ ಮೇಲೆ ಮತ್ತೆ ಮತ್ತೆ ಸೀಮೆಸುಣ್ಣ ಎಳೆಯುತ್ತ ನಿಂತಿದ್ದಳು.